ಅಡ್ಡಹೆಸರು ಜಾತಿ ಹೇಳುವುದಿಲ್ಲ

ಈ ವರ್ಷ ಬೀದರ, ಭಾಲ್ಕಿ, ಔರಾದದ ಕಾಲೇಜುಗಳಲ್ಲಿ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಾದ ಎಐಎಸ್‌ಎಚ್‌ಇಗೆ ಬೋಧಕರ ಪಟ್ಟಿ ತುಂಬಲು ಕೂಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಪ್ಪು ಇನ್ನೊಬ್ಬರಿಂದ ಆಗಬಾರದು.

ನಮ್ಮ ಕಾಲೇಜಿನಲ್ಲಿ ಈ ಸಮೀಕ್ಷೆಯ ನೋಡಲ್ ಅಧಿಕಾರಿಯಾದ ಮೊದಲ ವರ್ಷ ನಾನು ಸಂಬಳದ ಬಿಲ್ ಮುಂದಿಟ್ಟುಕೊಂಡು ಪಟ್ಟಿ ಮಾಡಿದೆ. ಹದಿಮೂರು ಹೆಸರು ಬಂದವು. ಅತಿಥಿ ಉಪನ್ಯಾಸಕರಿಗೆ ಗೌರವಧನದ ಬಿಲ್ ಬೇರೆ, ಹಾಗಾಗಿ ಅವರು ಬಿಟ್ಟುಹೋದರು. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ತರಗತಿ ತೆಗೆದುಕೊಳ್ಳುವವರು ಅವರೇ. 2023ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾಗಿ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯ ಆದ ಮೇಲೆ ಪಟ್ಟಿಯನ್ನು ಹೊಸದಾಗಿ ಮಾಡೋಣವೆಂದು ಹಟ ಹಿಡಿದವನು ನಾನೇ. ಮೇಲಿನ ಕಚೇರಿಗೆ ಫೋನ್ ಮಾಡಿದರೆ, "ಹೋದ ವರ್ಷದ್ದಕ್ಕ ತಾಳೆ ಆದ್ರ ಸಾಕ್ರಿ, ಹೊಸದೇನ್ ಮಾಡ್ಲಿಕ್ಕ ಹೋಗ್ಬ್ಯಾಡ್ರಿ" ಎಂದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ತಪ್ಪು ಲೆಕ್ಕಕ್ಕೆ ತಾಳೆಯಾದ ಲೆಕ್ಕವೂ ತಪ್ಪೇ.

ಹೊಸ ಪಟ್ಟಿಯಲ್ಲಿ ಮೂವತ್ತೊಂದು ಹೆಸರಾದವು. ಪ್ರತಿಯೊಬ್ಬರದೂ ಹುಟ್ಟಿದ ದಿನಾಂಕ, ಲಿಂಗ, ಹುದ್ದೆ, ನೇಮಕಾತಿಯ ಬಗೆ, ಸಾಮಾಜಿಕ ವರ್ಗ ಬೇಕು. ಕೊನೆಯ ದಿನ ಹತ್ತಿರ ಬಂದಿತ್ತು. ಯಾರನ್ನೂ ಕೇಳದೆ ವರ್ಗದ ಕಾಲಂ ನಾನೇ ತುಂಬಿ, ಸಹಿಗಾಗಿ ಸ್ಟಾಫ್ ರೂಮಿನಲ್ಲಿ ಹಾಳೆ ತಿರುಗಿಸಿದೆ.

ಔರಾದದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಅತಿಥಿ ಉಪನ್ಯಾಸಕಿಯೊಬ್ಬರ ಕೈಗೆ ಅದು ಹೋಯಿತು. ಬಿರಾದಾರ ಅವರ ಅಡ್ಡಹೆಸರು. ಲಿಂಗಾಯತರಿರಬೇಕು, ರಾಜ್ಯದ ಪ್ರವರ್ಗ 3ಬಿ ಇರಬೇಕು, ಕೇಂದ್ರದ ಒಬಿಸಿ ಪಟ್ಟಿಗೆ ಬರಲಿಕ್ಕಿಲ್ಲ ಎಂದು ನಾನೇ ತರ್ಕ ಮಾಡಿ 'ಸಾಮಾನ್ಯ' ಎಂದು ಬರೆದಿದ್ದೆ. ಅವರು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು.

"ಸರ್, ಇದು ಯಾರ್ ಹೇಳ್ಯಾರ್ರಿ ನಿಮಗ?"

ನಾನು ಬಾಯಿ ತೆರೆಯಲಿಲ್ಲ. ಪಕ್ಕದವರು ಹಾಳೆಗೆ ಬಗ್ಗಿದರು. "ನಾವು ಪ್ರವರ್ಗ ಒಂದ್ರಿ. ಹನ್ನೊಂದು ವರ್ಷ ಆತು ಇಲ್ಲಿ ಪಾಠ ಮಾಡ್ಲಿಕತ್ತು. ಇಷ್ಟ ದಿನ ನಾ ಲೆಕ್ಕದಾಗ ಇದ್ದಿಲ್ಲ. ಈಗ ಬಂದೀನಂದ್ರ ಬ್ಯಾರೆಯವಳಾಗಿ ಬಂದೀನಲ್ರಿ?" ಹತ್ತು ಜನರ ಮುಂದೆ ಒಬ್ಬ ಹೆಣ್ಣುಮಗಳು ತನ್ನ ಜಾತಿಯ ವರ್ಗ ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ನನ್ನಿಂದ. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ. ಅವರು ಸಹಿ ಹಾಕದೆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಕ್ಲಾಸಿಗೆ ಹೋದರು.

ನಮ್ಮ ಸೀಮೆಯಲ್ಲಿ ಪಾಟೀಲ, ಬಿರಾದಾರ, ಕುಲಕರ್ಣಿ ಎಲ್ಲ ಹಳೆಯ ಕಸಬಿನ, ಅಧಿಕಾರದ ಹೆಸರುಗಳು. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಮರಾಠರಿದ್ದಾರೆ, ರೆಡ್ಡಿಗಳಿದ್ದಾರೆ, ಮುಸ್ಲಿಮರೂ ಇದ್ದಾರೆ. ಇಲ್ಲೇ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕೇಳುವ ತಾಳ್ಮೆ ಇರಲಿಲ್ಲ.

2021-22ರ ಸಮೀಕ್ಷೆ ದೇಶದಲ್ಲಿ 15.98 ಲಕ್ಷ ಬೋಧಕರು, ಅವರಲ್ಲಿ ಶೇ. 43.4 ಮಹಿಳೆಯರು ಎನ್ನುತ್ತದೆ. ಆ ದೊಡ್ಡ ಅಂಕಿ ನನ್ನಂಥವರು ರಾತ್ರಿ ಕೂತು ತುಂಬಿದ ಸಾಲುಗಳಿಂದಲೇ ಆದದ್ದು.

ನಾನು ಕಲಿತದ್ದು ಇಷ್ಟು. ಸಂಬಳದ ಬಿಲ್ಲಿನಿಂದಲ್ಲ, ವೇಳಾಪಟ್ಟಿಯಿಂದ ಶುರು ಮಾಡಿ. ಮಂಜೂರಾದ ಹುದ್ದೆ, ಕಾಯಂ ಇರುವವರು, ಅತಿಥಿಗಳು ಎಂದು ಮೂರು ಲೆಕ್ಕ ಬೇರೆ ಇಡಿ. ಎಲ್ಲ ಕೂಡಿಸಿಬಿಟ್ಟರೆ ಖಾಲಿ ಹುದ್ದೆ ಮುಚ್ಚಿಹೋಗುತ್ತದೆ, ಅತಿಥಿಗಳನ್ನು ಬಿಟ್ಟರೆ ಮನುಷ್ಯರೇ ಮಾಯವಾಗುತ್ತಾರೆ. ರಾಜ್ಯದ ಪ್ರವರ್ಗವೇ ಬೇರೆ, ಕೇಂದ್ರದ ಪಟ್ಟಿಯೇ ಬೇರೆ. ಪ್ರಮಾಣಪತ್ರ ನೋಡಿ ಎರಡನ್ನೂ ಹೋಲಿಸಿ. ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಪ್ರಮಾಣಪತ್ರ ಇನ್ನೊಂದು ಸಂಗತಿ, ಅದನ್ನು ಇದರಲ್ಲಿ ಬೆರೆಸಬೇಡಿ. ಒಬ್ಬರ ಸಾಲು ಒಬ್ಬರಿಗೇ ತೋರಿಸಿ.

ಸಹಿ ಹಾಕದೆ ಹೋದ ಮರುದಿನ ಆ ಅಕ್ಕೋರು ಪ್ಲಾಸ್ಟಿಕ್ ಚೀಲದಲ್ಲಿ ಪ್ರಮಾಣಪತ್ರ ತಂದು ನನ್ನ ಎದುರು ಕೂತರು. ನಾನು ಕ್ಷಮೆ ಕೇಳಿದೆ. "ಮೊದಲು ಬರೀರಿ ಸರ್" ಎಂದರು. ಸೇವ್ ಆಗುವವರೆಗೂ ಅವರು ಏಳಲಿಲ್ಲ.