ಖಾಲಿ ಬಾಟಲಿ: ಹಾಲಿಗೂ ಬೇಡ, ಒಲೆಗೂ ಬೇಡ



ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿ ಖಾಲಿಯಾದ ಮೇಲೂ ನಮ್ಮ ಮನೆಗಳಲ್ಲಿ ಅದಕ್ಕೆ ಹತ್ತಾರು ಕೆಲಸ. ಹೊಲಕ್ಕೆ ಮಜ್ಜಿಗೆ ಒಯ್ಯಲು, ಪಕ್ಕದ ಮನೆಗೆ ಅರ್ಧ ಲೀಟರ್ ಹಾಲು ಕೊಡಲು, ಕಡೆಗೆ ನೀರೊಲೆ ಹೊತ್ತಿಸಲು. ಬಾಟಲಿ ಹೇಗೆ ತಯಾರಾಗುತ್ತದೆ ಎಂದು ತಿಳಿದರೆ, ಅದು ಯಾವ ಕೆಲಸಕ್ಕೆ ಆಗದು ಎಂಬುದೂ ತಿಳಿಯುತ್ತದೆ.

ಬಾಟಲಿ ಆಗುವ ಬಗೆ

ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ 1 ಎಂಬ ಅಂಕಿ ಇದ್ದರೆ ಅದು ‘ಪೆಟ್’ ಪ್ಲಾಸ್ಟಿಕ್. ಕಚ್ಚಾ ತೈಲದಿಂದ ಬರುವ ರಾಸಾಯನಿಕಗಳಿಂದ ಪೆಟ್ ಕಾಳು ಮಾಡುತ್ತಾರೆ. ಕಾಳನ್ನು ಸುಮಾರು 270–280 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು, ಬೆರಳುದ್ದದ ದಪ್ಪ ಕೊಳವೆ ತಯಾರಿಸುತ್ತಾರೆ. ಅದನ್ನು ಮತ್ತೆ ಬಿಸಿ ಮಾಡಿ ಅಚ್ಚಿನೊಳಗೆ ಗಾಳಿ ಊದಿದರೆ, ಬಲೂನಿನಂತೆ ಹಿಗ್ಗಿ ತೆಳುವಾದ ಬಾಟಲಿಯಾಗುತ್ತದೆ.

ಹೀಗೆ ಹಿಗ್ಗಿಸಿದ ಬಾಟಲಿ ಬಿಸಿ ತಡೆಯದು. 70–80 ಡಿಗ್ರಿಗೆ ಮೆತ್ತಗಾಗುತ್ತದೆ. ಕುದಿಯುವ ನೀರು ಹಾಕಿದರೆ ಮುದುಡುತ್ತದೆ.

ಹಾಲಿಗೆ ಏಕೆ ಬೇಡ?

ಹಾಲಿನ ಪಾತ್ರೆಯನ್ನು ಒಳಗೆ ಕೈ ಹಾಕಿ ಉಜ್ಜಬೇಕು, ಕುದಿಯುವ ನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಬೇಕು. ಬಾಟಲಿಯ ಕಿರಿದಾದ ಬಾಯಿಗೆ ಕೈ ಹೋಗದು, ಕುದಿನೀರಂತೂ ಆಗದು. ಗೀರುಗಳಲ್ಲಿ ಉಳಿದ ಜಿಡ್ಡಿನಲ್ಲಿ ಸೂಕ್ಷ್ಮಾಣುಗಳು ಮನೆ ಮಾಡುತ್ತವೆ. ಆಗ ತಾನೇ ಕರೆದ ಹಾಲು ಹಸುವಿನ ಮೈಬಿಸಿಯಲ್ಲೇ ಇರುವುದರಿಂದ ಅವು ಬೇಗನೆ ಹೆಚ್ಚುತ್ತವೆ. ಅಂಥ ಹಾಲು ಸಂಘದ ಕ್ಯಾನಿಗೆ ಸೇರಿದರೆ ಹತ್ತು ಮನೆಯ ಹಾಲು ಕೆಡುತ್ತದೆ. ಬಿಎಂಸಿಯಲ್ಲಿ 4 ಡಿಗ್ರಿಗೆ ತಂಪು ಮಾಡಿದರೆ ಸೂಕ್ಷ್ಮಾಣುಗಳ ಬೆಳವಣಿಗೆ ನಿಧಾನವಾಗುತ್ತದೆ, ಆಗಲೇ ಬೆಳೆದವು ಹೋಗುವುದಿಲ್ಲ.

ಪೆಟ್ ತಯಾರಿಕೆಯಲ್ಲಿ ಆಂಟಿಮನಿ ಎಂಬ ಲೋಹ ಬಳಸುತ್ತಾರೆ. ತಣ್ಣನೆಯ ನೀರಿಗೆ ಅದು ಇಳಿಯುವುದು ಅತ್ಯಲ್ಪ. ಬಿಸಿ ಹೆಚ್ಚಿದಂತೆ ಹೆಚ್ಚು ಇಳಿಯುತ್ತದೆ. ಆದ್ದರಿಂದ ಬಿಸಿ ಹಾಲು, ಕಾಫಿ, ಸಾರು ಇದರಲ್ಲಿ ತುಂಬಬಾರದು. ನೀರಿನ ಬಾಟಲಿಯನ್ನು ಬಿಸಿಲಿನಲ್ಲಿ ಇಡಬಾರದು. ಕೀಟನಾಶಕ ಹಾಕಿದ್ದ ಬಾಟಲಿ ಎಷ್ಟು ತೊಳೆದರೂ ಯಾವ ಬಳಕೆಗೂ ಸಲ್ಲದು.

ಒಲೆಗೆ, ತಿಪ್ಪೆಗೆ ಏಕೆ ಬೇಡ?

ಪ್ಲಾಸ್ಟಿಕ್ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಯ ಮುಂದಿರುವ ನಾವು, ನಮ್ಮ ಮಕ್ಕಳು. ಕಸದ ಜೊತೆ ಪಿವಿಸಿ ಪೈಪು, ವೈರಿನ ತುಂಡು ಸೇರಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮೇವಿನ ಮೇಲೆ ಕೂರುತ್ತದೆ, ಹಸುವಿನ ಕೊಬ್ಬಿನಲ್ಲಿ ಸೇರುತ್ತದೆ, ಹಾಲಿನ ಕೊಬ್ಬಿನ ಜೊತೆ ಹೊರಬರುತ್ತದೆ. ಹಾಲು ಕಾಯಿಸಿದರೂ ಹೋಗದು.

ತಿಪ್ಪೆಗೆ ಎಸೆದ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಹೊದಿಕೆ, ಕವರ್, ಮುಚ್ಚಳ ಗೊಬ್ಬರದ ಜೊತೆ ಹೊಲ ಸೇರುತ್ತವೆ. ಹಸು ನುಂಗಿದರೆ ಮೊದಲ ಹೊಟ್ಟೆಯಲ್ಲೇ ಉಳಿದು ಗಂಟು ಕಟ್ಟುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹಾಲು ಇಳಿಯುತ್ತದೆ. ಕೆಲವೊಮ್ಮೆ ಹೊಟ್ಟೆ ಕೊಯ್ದೇ ತೆಗೆಯಬೇಕಾಗುತ್ತದೆ.

ಗುಜರಿಗೆ ಕೊಟ್ಟರೆ ಏನಾಗುತ್ತದೆ?

ಬಾಟಲಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ ಚೂರು ಮಾಡುತ್ತಾರೆ. ನೀರಿಗೆ ಹಾಕಿದಾಗ ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ. ಮುಳುಗಿದ್ದನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಕರಗಿಸಿ, ನೂಲು ತೆಗೆಯುತ್ತಾರೆ. ಅದೇ ಪಾಲಿಯೆಸ್ಟರ್ ಬಟ್ಟೆ, ದಿಂಬಿನ ಹತ್ತಿ, ಜಮಖಾನೆಯಾಗಿ ಬರುತ್ತದೆ. ಬಣ್ಣವಿಲ್ಲದ, ಸ್ವಚ್ಛ ಬಾಟಲಿಗೆ ಹೆಚ್ಚು ಬೇಡಿಕೆ.

ನಾವು ಮಾಡಬೇಕಾದ್ದು

• ಹಾಲಿಗೆ ಸ್ಟೀಲ್ ಪಾತ್ರೆಯನ್ನೇ ಬಳಸುವುದು.
• ಬಾಟಲಿ ತೊಳೆದು, ಚಪ್ಪಟೆ ಮಾಡಿ, ಚೀಲದಲ್ಲಿ ಕೂಡಿಡುವುದು.
• ಹಾಲಿನ ಕವರ್ ಬೇರೆ ಜಾತಿಯ ಪ್ಲಾಸ್ಟಿಕ್. ಅದನ್ನು ಬೇರೆ ಚೀಲಕ್ಕೆ ಹಾಕುವುದು.
• ಕೊಟ್ಟಿಗೆ, ಬಣವೆ, ತಿಪ್ಪೆಯ ಹತ್ತಿರ ಕಸ ಸುಡದಿರುವುದು.

ಒಂದು ಮನೆಯ ಹತ್ತು ಬಾಟಲಿಗಾಗಿ ಗುಜರಿಯವರು ಊರಿಗೆ ಬರುವುದಿಲ್ಲ. ಐವತ್ತು ಮನೆಯದು ಒಟ್ಟಾದರೆ ಬರುತ್ತಾರೆ. ಲೀಟರ್, ಅರ್ಧ ಲೀಟರ್ ಹಾಲನ್ನು ಒಟ್ಟುಗೂಡಿಸಿ ಸಂಘ ಕಟ್ಟಿದವರು ನಾವು. ಮುಂದಿನ ಸಭೆಯಲ್ಲಿ ಈ ವಿಷಯವನ್ನೂ ಇಟ್ಟು, ಸಂಘದ ಕಟ್ಟಡದ ಮೂಲೆಯಲ್ಲಿ ಒಂದು ಗೋಣಿಚೀಲ ಇಡಲು ತೀರ್ಮಾನಿಸಿ.