"ನಡ ಹಿಡದೈತಿ": ಡಿಸ್ಕ್ ಜಾರಿದಾಗ ಸಣ್ಣ ರಂಧ್ರದ ಸರ್ಜರಿ

ರಜೆಗೆ ಊರಿಗೆ ಹೋದಾಗ ಜಮಖಂಡಿ, ಮುಧೋಳ, ಬೀಳಗಿ ಕಡೆ ನಾವು ಪದೇಪದೇ ಕೇಳುವ ಮಾತು "ನಡ ಹಿಡದೈತಿ". ಕಬ್ಬಿನ ಹೊರೆ ಹೊರುವವರು, ರಬಕವಿ-ಬನಹಟ್ಟಿಯ ನೇಕಾರರು ಎಲ್ಲರದೂ ಇದೇ ಗೋಳು. ನಮ್ಮ ಮಾಮಾಗೂ ಮಗ್ಗದ ಬೀಮು ಎತ್ತುವಾಗ ನಡ ಹಿಡಿದು, ನೋವು ಕಾಲಿಗಿಳಿಯಿತು. ಎರಡು ತಿಂಗಳಾದರೂ ಹೋಗದಿದ್ದಾಗ ಡಾಕ್ಟರು ಸರ್ಜರಿ ಅಂದರು. ಮನೆಯಲ್ಲಿ "ಬೆನ್ನಿಗೆ ಕತ್ತರಿ ಹಾಕಿದ್ರ ಕಾಲು ಹೋಗ್ತಾವ" ಅಂತ ಎಲ್ಲರಿಗೂ ಭಯ. ಹಾಗಾಗಿ ನಾವೇ ಓದಲು ಕೂತೆವು.

ಡಿಸ್ಕ್ ಅಂದ್ರೆ ಏನು?
ಬೆನ್ನುಮೂಳೆಗಳ ನಡುವಿನ ಮೆತ್ತೆ. ಹೊರಗೆ ಗಟ್ಟಿ ಉಂಗುರ, ಒಳಗೆ ಜೆಲ್ ತರಹದ ವಸ್ತು. ಉಂಗುರ ಹರಿದರೆ ಜೆಲ್ ಹೊರಬಂದು ನರವನ್ನು ಒತ್ತುತ್ತದೆ. ಅದಕ್ಕೇ ತೊಂದರೆ ಬೆನ್ನಲ್ಲಿದ್ದರೂ ಸೆಳೆತ ಕಾಲಲ್ಲಿ. ಕಾಲುನೋವಿಗೂ ಡಿಸ್ಕಿಗೂ ಇರುವ ಈ ಸಂಬಂಧವನ್ನು 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಸ್ಪಷ್ಟವಾಗಿ ತೋರಿಸಿದರು.

ನಮ್ಮ ಮೆಕ್ಯಾನಿಕ್ಸ್ ಲೆಕ್ಕ
ಬಗ್ಗಿ 20 ಕೆಜಿ ಎತ್ತುತ್ತೀರಿ ಅಂದುಕೊಳ್ಳಿ. ಭಾರ ಡಿಸ್ಕಿನಿಂದ 40 ಸೆಂ.ಮೀ. ಮುಂದೆ, ಬೆನ್ನಿನ ಸ್ನಾಯು ಸುಮಾರು 5 ಸೆಂ.ಮೀ. ಹಿಂದೆ. ಮೊಮೆಂಟ್ ಸಮ ಮಾಡಿದರೆ ಸ್ನಾಯು 160 ಕೆಜಿಯಷ್ಟು ಎಳೆಯಬೇಕು! ಮೈಭಾರ ಬೇರೆ. ಅದಕ್ಕೇ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕು.

ಸರ್ಜರಿಯಲ್ಲಿ ಏನು ಮಾಡ್ತಾರೆ?
ಹಿಂದೆ ಉದ್ದಕ್ಕೆ ಕೊಯ್ದು, ಸ್ನಾಯುವನ್ನು ಮೂಳೆಯಿಂದ ಬಿಡಿಸುತ್ತಿದ್ದರು. 1970ರ ದಶಕದಲ್ಲಿ ಮೈಕ್ರೋಸ್ಕೋಪ್ ಬಂದು ಗಾಯ ಚಿಕ್ಕದಾಯಿತು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಕೊಳವೆಯ ವಿಧಾನ ವಿವರಿಸಿದರು: ಒಂದರ ಮೇಲೊಂದು ಕೊಳವೆ ತೂರಿಸಿ ಸ್ನಾಯುವನ್ನು ಕತ್ತರಿಸದೆ ಸರಿಸುವುದು, ಸುಮಾರು 2 ಸೆಂ.ಮೀ. ದಾರಿಯಲ್ಲಿ ನರ ಒತ್ತುವ ತುಣುಕನ್ನಷ್ಟೇ ತೆಗೆಯುವುದು. ಎಂಡೋಸ್ಕೋಪ್ ಆದರೆ ರಂಧ್ರ 1 ಸೆಂ.ಮೀ.ಗೂ ಕಡಿಮೆ. ರಕ್ತ ಕಡಿಮೆ ಹೋಗುತ್ತದೆ, ಬೇಗ ಎದ್ದು ಓಡಾಡಬಹುದು.

ಆದರೆ ಚಿಕ್ಕದಾಗಿದ್ದು ದಾರಿ ಮಾತ್ರ. ಒಳಗಿನ ಕೆಲಸ ಅದೇ, ನರಕ್ಕೆ ಅಪಾಯ ಅಪರೂಪವಾದರೂ ಇದ್ದೇ ಇದೆ, ಡಿಸ್ಕ್ ಮತ್ತೆ ಜಾರಲೂಬಹುದು. ವರ್ಷ ಕಳೆದ ಮೇಲೆ ನೋಡಿದರೆ ವಿಧಾನಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ.

ಎಲ್ಲರಿಗೂ ಬೇಕಾ?
ಇಲ್ಲ. ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ಔಷಧಿ, ವ್ಯಾಯಾಮದಿಂದಲೇ ಕಡಿಮೆಯಾಗುತ್ತದೆ. ಆದರೆ ಮೂತ್ರ-ಮಲದ ಹತೋಟಿ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಇಂಥ ಹೊತ್ತಲ್ಲಿ ಕಾಲಿಗೆ ಅಪಾಯ ಸರ್ಜರಿಗಿಂತ ತಡ ಮಾಡುವುದರಿಂದಲೇ ಹೆಚ್ಚು.

ಇಷ್ಟನ್ನೂ ಮಾಮಾಗೆ ಫೋನಲ್ಲಿ ಹೇಳಿದ್ವಿ. "ಹಂಗಾರ ಡಾಕ್ಟರಿಗೆ ಏನೇನು ಕೇಳ್ಬೇಕು ಬರದು ಕಳಸ್ರಿ" ಅಂದರು. ಮೂರು ಪ್ರಶ್ನೆ ಕಳಿಸಿದ್ದೇವೆ: ನನಗೆ ಈಗಲೇ ಬೇಕಾ? ಯಾವ ವಿಧಾನ, ಯಾಕೆ? ಮತ್ತೆ ಬೀಮು ಯಾವಾಗ ಎತ್ತಬಹುದು?