ರೇಡಿಯೋ ಪೆಟ್ಟಿಗೆಯ ಉಷ್ಣಾಂಶ ಓದುವ ಕ್ರಮ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಭತ್ತದ ಬೆಳೆಗಾರರೇ, ಹೂ ಬಿಡುವಾಗ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಆದ್ದರಿಂದ ಹೊಲದ ರೇಡಿಯೋ ಪೆಟ್ಟಿಗೆ ಕಳುಹಿಸುವ ಅಂಕಿಯನ್ನು ಸರಿಯಾಗಿ ಓದುವುದು ಅವಶ್ಯ.

1. ರೇಡಿಯೋ ಚಿಪ್ಪಿನೊಳಗಿನ ಸಂವೇದಕ ತೋರಿಸುವುದು ಚಿಪ್ಪಿನ ಬಿಸಿಯನ್ನು, ಗಾಳಿಯದನ್ನಲ್ಲ.

2. ಗಾಳಿಯ ಉಷ್ಣಾಂಶಕ್ಕೆ ಡಿ.ಎಸ್. 18ಬಿ20 ಸಂವೇದಕವನ್ನು ಪೆಟ್ಟಿಗೆಯ ಹೊರಗೆ, ಗಾಳಿಯಾಡುವ ಬಿಳಿ ಗೂಡಿನ ನೆರಳಿನಲ್ಲಿ ಕಟ್ಟಿರಿ.

3. 12 ಬಿಟ್ ಅಳತೆಯಲ್ಲಿ ಬಂದ ಅಂಕಿಯನ್ನು 16ರಿಂದ ಭಾಗಿಸಿರಿ. 560 ಬಂದರೆ 35 ಡಿಗ್ರಿ.

4. 1360, ಅಂದರೆ 85 ಡಿಗ್ರಿ ಬಂದರೆ ಗಾಬರಿ ಬೇಡ. ಅದು ವಿದ್ಯುತ್ ಬಂದೊಡನೆ ಇರುವ ಆರಂಭದ ಅಂಕಿ, ಅಳತೆ ನಡೆದಿಲ್ಲವೆಂದರ್ಥ. ಮತ್ತೊಮ್ಮೆ ಓದಿರಿ.

5. ಅಂಕಿ 560 ದಾಟುವ ದಿನಗಳಲ್ಲಿ ಗದ್ದೆಯಲ್ಲಿ ನೀರು ನಿಲ್ಲಿಸಿರಿ.